ಗೌರಿಯ ಎರಡನೆಯ ಕರು

ದೆವ್ವ, ಅಶರೀರವಾಣಿ, ಕನಸಲ್ಲಿ ಬಂದು ಹೇಳಿದರು ಎಂಬಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ನನ್ನ ತವರು ಬ್ರಹ್ಮಾವರ ಪೇಟೆಯಲ್ಲಿ, ಅಪ್ಪನದು ದಿನಸಿ ಅಂಗಡಿ. ಕಣ್ಣಿಗೆ ಕಂಡದ್ದು ಮಾತ್ರ ನಿಜ ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ನೀವು ನಕ್ಕರೂ ಬೇಸರವಿಲ್ಲ. ಇದು ಕತ್ತಲಲ್ಲಿ ನಡೆದದ್ದಲ್ಲ, ಅಂಗಳಕ್ಕೆ ಬಿಸಿಲು ಬಿದ್ದ ಮೇಲೆ ನಡೆದದ್ದು ಎಂಬುದನ್ನಷ್ಟೇ ಮೊದಲು ಹೇಳಿಬಿಡುತ್ತೇನೆ.

ಮದುವೆಯಾಗಿ ನಾನು ಬಂದದ್ದು ಹೆಮ್ಮಾಡಿಯಿಂದ ಸ್ವಲ್ಪ ಒಳಗಿನ ಒಂದು ಮನೆಗೆ. ಗದ್ದೆ, ಹಟ್ಟಿಯಲ್ಲಿ ಆರು ದನ, ದಿನಕ್ಕೆ ಎರಡು ಸಲ ಡೈರಿಗೆ ಹಾಲು. ಹಟ್ಟಿಗೆಲ್ಲ ನನ್ನ ಅತ್ತೆಯೇ ಒಡತಿ. ಸುತ್ತಮುತ್ತ ಯಾರ ಮನೆಯಲ್ಲಿ ದನ ಕರು ಹಾಕಲು ಕಷ್ಟಪಟ್ಟರೂ ಮೊದಲು ಅತ್ತೆಯನ್ನು ಕರೆಯುತ್ತಿದ್ದರು, ಆಮೇಲೆ ಡಾಕ್ಟರನ್ನು. ಸೀರೆ ಎತ್ತಿಕಟ್ಟಿ, ಮೊಣಕೈವರೆಗೆ ತೆಂಗಿನೆಣ್ಣೆ ಸವರಿಕೊಂಡು ಹೊರಟರೆಂದರೆ ಬರಿಗೈಯಲ್ಲಿ ಬಂದವರಲ್ಲ ಎಂದು ಊರೇ ಹೇಳುತ್ತಿತ್ತು.

ನನಗೋ ದನವೆಂದರೆ ಹೆದರಿಕೆ. ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಾಲು ಕರೆಯುವುದನ್ನು ಹೇಗೋ ಕಲಿತೆ. ಆದರೆ ದನ ಕರು ಹಾಕುವ ಹೊತ್ತಿಗೆ ಮಾತ್ರ ನಾನು ಹಟ್ಟಿಯಲ್ಲಿ ನಿಲ್ಲುತ್ತಿರಲಿಲ್ಲ. ಆ ರಕ್ತ, ಆ ನರಳಾಟ ನೋಡಲಾಗುತ್ತಿರಲಿಲ್ಲ. "ಬಾ ಹೆಣೆ, ಒಂದ್ಸಲ ಕೈ ಹಾಕಿ ಕಾಣ್, ಎಂತ ಆತಿಲ್ಲ" ಎಂದು ಅತ್ತೆ ಎಷ್ಟೋ ಸಲ ಕರೆದಿದ್ದರು. ಬಿಸಿನೀರು ಕಾಯಿಸುವ ನೆಪ ಹೇಳಿ ನಾನು ಬಚ್ಚಲಿಗೆ ಓಡುತ್ತಿದ್ದೆ. ಅತ್ತೆ ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು ಎಂದು ಆಮೇಲೆ ನನಗೇ ಅನಿಸಿತು. ಯಾಕೆಂದರೆ ಒಂದು ಮಳೆಗಾಲದ ಬೆಳಿಗ್ಗೆ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಏನೇನೋ ಚಿಕಿತ್ಸೆ ಮಾಡಿಸಿದೆವು. ಕಾಲು ಒಂಚೂರು ಎಳೆದುಕೊಳ್ಳುವಷ್ಟಾಯಿತು, ಅಷ್ಟೇ. ಬಾಯಿಂದ ಒಂದು ಶಬ್ದವೂ ಬರಲಿಲ್ಲ. ಬಲಗೈ ಯಾವಾಗ ಮುಟ್ಟಿದರೂ ತಣ್ಣಗೆ, ಹೊದಿಕೆಯ ಮೇಲೆ ಬಿದ್ದಲ್ಲೇ ಇರುತ್ತಿತ್ತು.

ಹಾಗೆ ಎರಡು ವರ್ಷ ಕಳೆದಿತ್ತು. ಅದು ಜನವರಿ. ನಮ್ಮ ಕಡೆ ಗದ್ದೆ ತುಂಬ ಸೇವಂತಿಗೆ ಅರಳುವ ಕಾಲ. ಬೆಳಿಗ್ಗೆ ಇಬ್ಬನಿ ಬಿದ್ದು ಅಂಗಳದಲ್ಲಿ ಒಟ್ಟಿದ ಹುಲ್ಲಿನ ಕುತ್ರಿ ಕೂಡ ಒದ್ದೆಯಾಗಿರುತ್ತದೆ. ಹಟ್ಟಿಯಲ್ಲಿ ಗೌರಿ ತುಂಬಿದ ಗಬ್ಬ. ಗೌರಿಯ ಅಜ್ಜಿ, ಅಮ್ಮ ಎಲ್ಲರನ್ನೂ ಅತ್ತೆಯೇ ಕರುವಿನಿಂದ ಸಾಕಿದವರು. ಅದು ನಮ್ಮ ಹಟ್ಟಿಯ ಒಳ್ಳೆಯ ದನ ಮಾತ್ರವಲ್ಲ, ಅತ್ತೆಯ ಕೈಯಲ್ಲಿ ಹುಟ್ಟಿದ ಕೊನೆಯ ಕರು ಕೂಡ.

ಅವತ್ತು ಬೆಳಿಗ್ಗೆ ಹಾಲು ಡೈರಿಗೆ ಕೊಟ್ಟು ಬರುವಷ್ಟರಲ್ಲಿ ಗೌರಿಗೆ ಬೇನೆ ಶುರುವಾಗಿತ್ತು. ನಮ್ಮ ಯಜಮಾನರು ಗೋಣಿ ಹಾಸಿ, ಹುಲ್ಲು ಹರಡಿ ತಯಾರಾಗಿದ್ದರು. ನಾನು ಹಟ್ಟಿಯ ಬಾಗಿಲಲ್ಲೇ ನಿಂತೆ. ಹೆಚ್ಚು ಕಷ್ಟವೇನೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಕರು ಬಂತು. ಕಂದು ಬಣ್ಣದ ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಇವರು ಅದನ್ನು ಒರೆಸಿ ಗೌರಿಯ ಮುಂದಿಟ್ಟರು. ನಾನು ಒಳಗೆ ಓಡಿ ಅತ್ತೆಯ ಕಿವಿಯ ಹತ್ತಿರ ಹೇಳಿದೆ: "ಅತ್ತೆ, ಹೆಣ್ಣ್ ಕರು!" ಅವರ ಎಡಗಣ್ಣಲ್ಲಿ ನಗು ಬಂತು. ಮಗಳು ಶ್ವೇತಾ, ಆಗ ಒಂಬತ್ತು ವರ್ಷದವಳು, ಪಕ್ಕದಲ್ಲಿ ಕೂತು ಅಜ್ಜಿಗೆ ಚಮಚದಲ್ಲಿ ಗಂಜಿ ಕೊಡುತ್ತಿದ್ದಳು.

ಮತ್ತೆ ಹಟ್ಟಿಗೆ ಬಂದಾಗ ಗೌರಿ ಕರುವನ್ನು ನೆಕ್ಕುವುದನ್ನು ಬಿಟ್ಟು ಮಲಗಿತ್ತು. ಹೊಟ್ಟೆ ಬಿಗಿ ಹಿಡಿದು ತಿಣುಕುತ್ತಿತ್ತು. "ಮಾಸ್ ಬೀಳುಕೆ ಹೀಂಗ್ ಮಾಡತ್ತ್" ಎಂದರು ಇವರು. ಒಂದು ಗಂಟೆ ಕಳೆಯಿತು. ಕರುವಿನ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ, ಗೌರಿ ಏಳಲೂ ಇಲ್ಲ. ಕಣ್ಣು ಮೇಲಕ್ಕೆ ಹೋಗತೊಡಗಿತು, ಕಿವಿ ಮುಟ್ಟಿದರೆ ತಣ್ಣಗೆ. ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಬೈಂದೂರಿನ ಕಡೆ ಲಸಿಕೆ ಹಾಕಲು ಹೋಗಿದ್ದರು. ಎಷ್ಟು ಬೇಗ ಹೊರಟರೂ ಎರಡು ಗಂಟೆ ಬೇಕು ಎಂದರು. ಇವರು ಗೌರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಗಂಡಸಿನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅವತ್ತೇ ನೋಡಿದ್ದು.

ಆಗ ನನಗೆ ಅತ್ತೆಯ ಮಾತು ಕೇಳಿಸಿತು.

"ಇನ್ನೊಂದ್ ಇತ್ತ್ ಹೆಣೆ, ಒಳ್ಗೆ. ಕೈ ಹಾಕ್."

ನನ್ನ ಎಡಭುಜದ ಹಿಂದಿನಿಂದ, ಒಂದು ಮಾರು ದೂರದಿಂದ ಬಂದ ಹಾಗಿತ್ತು. ಕಾಯಿಲೆಗೆ ಮೊದಲಿನ ಅದೇ ಸ್ವಲ್ಪ ಒಡೆದ ದನಿ. ನಂಬುತ್ತೀರೋ ಇಲ್ಲವೋ, ಆ ಕ್ಷಣ ನನಗೆ ಅದು ವಿಚಿತ್ರ ಅನಿಸಲೇ ಇಲ್ಲ. ಹೆದರಿಕೆಯೂ ಆಗಲಿಲ್ಲ. "ಹ್ಞೂಂ ಅತ್ತೆ" ಎಂದೆ. ಎಣ್ಣೆ ಬಾಟಲಿ ತಂದು ಕೈಗೆ ಸುರಿದುಕೊಂಡೆ.

"ಹ್ವಾಯ್, ಒಳ್ಗೆ ಇನ್ನೊಂದ್ ಇತ್ತಂಬ್ರ್. ತಲಿ ಗಟ್ಟಿ ಹಿಡ್ಕಣಿ" ಎಂದೆ ಇವರಿಗೆ.

"ಯಾರ್ ಅಂದದ್ದ್? ನೀ ಕೈ ಹಾಕ್ತ್ಯಾ?" ಎಂದು ಇವರು ನನ್ನನ್ನು ನೋಡಿದರು. ಆಗಲೇ ನನ್ನ ಕೈ ಒಳಗಿತ್ತು.

ಒಳಗೆ ಬಿಸಿ. ಮೊದಲು ಬೆರಳಿಗೆ ಸಿಕ್ಕಿದ್ದು ಸಣ್ಣ ಬಾಲ. ಕರು ಹಿಂದುಮುಂದಾಗಿ, ಹಿಂಗಾಲು ಎರಡೂ ಹೊಟ್ಟೆಯ ಕೆಳಗೆ ಮಡಚಿಕೊಂಡು ಸಿಕ್ಕಿಕೊಂಡಿತ್ತು. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ.

ಮತ್ತೆ ಅದೇ ದನಿ: "ಮುಂದೆ ನೂಕ್. ಬೇನಿ ಬಿಡು ಹೊತ್ತಿಗೆ ನೂಕ್." ಹ್ಞೂಂ ಎಂದು ನೂಕಿದೆ. "ಈಗ ಕಾಲ್ ಹುಡ್ಕ್. ಗೊರ್ಸ್ ಅಂಗೈಯಂಗೆ ಮುಚ್ಕೊ, ಒಳ್ಗೆ ಗೀರುಕಾಗ." ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೆಲ್ಲಗೆ ಹೊರಕ್ಕೆ ತಿರುಗಿಸಿದೆ. ಒಂದು ಕಾಲು ನೆಟ್ಟಗಾಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. "ಬೇನಿ ತಿಂಬ ಹೊತ್ತಿಗೆ ಎಳಿ, ಈಗ ನಿಲ್ಲುಕಾಗ, ಎಳಿ!" ಇವರೂ ಬಂದು ಕೈ ಕೊಟ್ಟರು. ಇಬ್ಬರೂ ಎಳೆದೆವು. ಕರು ಜಾರಿ ನನ್ನ ಮಡಿಲಿಗೇ ಬಿತ್ತು.

ಉಸಿರಿರಲಿಲ್ಲ. ಇವರು ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದರು, ನಾನು ಬಾಯಿ ಮೂಗಿನ ಲೋಳೆ ತೆಗೆದೆ, ಹುಲ್ಲಿನ ಕಡ್ಡಿ ಮೂಗಿಗೆ ಹಾಕಿದೆ, ಗೋಣಿಯಿಂದ ಎದೆ ತಿಕ್ಕಿದೆ. ಕೊನೆಗೆ ಅದು ಒಂದು ಸೀನು ಸೀನಿತು. ಅಷ್ಟು ಚಂದದ ಸದ್ದು ನಾನು ಜೀವಮಾನದಲ್ಲಿ ಕೇಳಿಲ್ಲ. ಇದೂ ಹೆಣ್ಣು. ಗೌರಿ ತಲೆಯೆತ್ತಿ ಕೂಗಿತು.

ಡಾಕ್ಟರು ಬಂದಾಗ ಎರಡು ಕರುಗಳೂ ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದವು. ಅವರು ನಡೆದದ್ದನ್ನು ತಿಳಿದುಕೊಂಡು, ಗೌರಿಯನ್ನು ಪರೀಕ್ಷೆ ಮಾಡಿ ಕೈ ತೊಳೆಯುತ್ತಾ ಕೇಳಿದರು: "ಒಳಗೆ ಒಂದು ಗೀರೂ ಇಲ್ಲವಲ್ಲ! ಗೊರಸು ಮುಚ್ಚಿಕೊಂಡು ತಿರುಗಿಸಬೇಕು ಅಂತ ನಿಮಗೆ ಯಾರು ಹೇಳಿಕೊಟ್ಟರು?"

"ನಮ್ಮ ಅತ್ತೆ" ಎಂದೆ. ಹೇಳಿದ ಮೇಲಷ್ಟೇ ನನಗೆ ನೆನಪಾಯಿತು, ಅತ್ತೆಗೆ ಮಾತು ಹೋಗಿ ಎರಡು ವರ್ಷವಾಗಿದೆ ಎಂದು. ಡಾಕ್ಟರಿಗೆ ಅತ್ತೆಯ ಹೆಸರು ಗೊತ್ತಿತ್ತು, ತಲೆ ಆಡಿಸಿದರು. ಇವರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರು ಹೋದ ಮೇಲೆ ಕೇಳಿದರು: "ಅಷ್ಟ್ ಹೊತ್ತ್ ನೀ ಯಾರತ್ರ ಹ್ಞೂಂ ಹ್ಞೂಂ ಅಂತಿದ್ದೆ? ಅಲ್ಲ್ ಯಾರೂ ಇರ್ಲಿಲ್ಲ." ನನ್ನಿಂದ ನಾಲ್ಕೇ ಅಡಿ ದೂರದಲ್ಲಿ ಕೂತಿದ್ದ ಅವರಿಗೆ ಒಂದು ಶಬ್ದವೂ ಕೇಳಿಸಿರಲಿಲ್ಲ.

ನಾನು ಒಳಗೆ ಓಡಿದೆ. ಅತ್ತೆಯ ಕೋಣೆ ಮನೆಯ ಇನ್ನೊಂದು ತುದಿಯಲ್ಲಿ. ಕಿಟಕಿ ತೆರೆಯುವುದು ರಸ್ತೆಯ ಕಡೆಗೆ, ಹಟ್ಟಿಯ ಕಡೆಗಲ್ಲ. ಶ್ವೇತಾ ಇನ್ನೂ ಅಜ್ಜಿಯ ಪಕ್ಕದಲ್ಲೇ ಕೂತಿದ್ದಳು.

"ಅಜ್ಜಿ ಎಂತಾರೂ ಮಾತಾಡ್ತಾ?" ಎಂದು ಕೇಳಿದೆ.

"ಇಲ್ಲೆ ಅಮ್ಮ. ಕಣ್ಣ್ ಮುಚ್ಚಿ ಮಲ್ಕಂಡಿತ್ತಿತ್. ಆರೆ ಈ ಕೈ ಹೀಂಗೆ ಹೀಂಗೆ ಮಾಡ್ತಾ ಇತ್ತಿತ್" ಎಂದು ಮಗಳು ತನ್ನ ಬಲಗೈಯನ್ನು ಬಟ್ಟಲಿನ ಹಾಗೆ ಬಗ್ಗಿಸಿ, ಮೆಲ್ಲಗೆ ತನ್ನ ಕಡೆಗೆ ತಿರುಗಿಸಿ ತೋರಿಸಿದಳು.

ನಾನು ಅತ್ತೆಯ ಬಲಗೈ ಹಿಡಿದುಕೊಂಡೆ. ಆ ಚಳಿಯ ಬೆಳಿಗ್ಗೆ ಅದು ಬೆಚ್ಚಗಿತ್ತು. ಸಂಜೆಯ ಹೊತ್ತಿಗೆ ಎಂದಿನಂತೆ ತಣ್ಣಗಾಯಿತು. ಆಮೇಲೆ ಅವರು ಇದ್ದ ಎರಡು ವರ್ಷದಲ್ಲಿ ಆ ಕೈ ಮತ್ತೆ ಅಲುಗಿದ್ದನ್ನು ಯಾರೂ ಕಾಣಲಿಲ್ಲ.

ಜೋಡಿ ಕರು, ಅದೂ ಎರಡೂ ಹೆಣ್ಣು ಎಂಬ ಸುದ್ದಿ ಡೈರಿಯಲ್ಲಿ ಹಬ್ಬಿ ವಾರವಿಡೀ ಜನ ನೋಡಲು ಬಂದರು. ಬಂದವರಿಗೆಲ್ಲ ಗಿಣ್ಣು ಮಾಡಿ ಹಂಚಿದೆವು. "ಪ್ಯಾಟಿ ಹೆಣ್ಣೇ ಕರು ತೆಗ್ದದ್ದಂಬ್ರ್" ಎಂದು ಅವರು ಹೇಳಿಕೊಳ್ಳುವಾಗ ನನ್ನ ಎದೆ ಉಬ್ಬುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಈ ಮನೆಯವಳು ಎಂದು ನನಗೆ ಪೂರ್ತಿ ಅನಿಸಿದ್ದು ಆಗಲೇ. ಈಗ ಊರವರು ನನ್ನನ್ನೂ ಕರೆಯುತ್ತಾರೆ. ಕಿರಿಮಂಜೇಶ್ವರದವರೆಗೂ ಹೋಗಿ ಬಂದಿದ್ದೇನೆ.

ಇವರು ಹೇಳುವುದೇ ಬೇರೆ: ಅತ್ತೆ ಹಿಂದೆ ಎಂದೋ ಹೇಳಿದ್ದು ಮನಸ್ಸಿನಲ್ಲಿತ್ತು, ಗಾಬರಿಯಲ್ಲಿ ಅದೇ ದನಿಯಾಗಿ ಕೇಳಿಸಿತು ಎಂದು. ಇರಬಹುದು. ಆದರೆ ಅವರು ಹೇಳಿಕೊಡುವಾಗಲೆಲ್ಲ ನಾನು ಬಚ್ಚಲಲ್ಲಿದ್ದೆ. ಆ ಕೈಯ ವಿಷಯ ಎತ್ತಿದರಂತೂ ಇವರು ಹುಲ್ಲು ತರಲು ಎದ್ದುಬಿಡುತ್ತಾರೆ.

ಅತ್ತೆಯನ್ನೇ ಒಮ್ಮೆ ಕೇಳಿದ್ದೆ. ಕರುಗಳಿಗೆ ಹದಿನೈದು ದಿನ ಆಗಿತ್ತೇನೋ. ತಲೆ ಬಾಚುತ್ತಾ, "ಅತ್ತೆ, ಅವತ್ತ್ ಮಾತಾಡದ್ದ್ ನೀವೇ ಅಲ್ದಾ?" ಎಂದೆ. ಅವರು ನನ್ನನ್ನೇ ನೋಡಿದರು. ತುಟಿಯ ಒಂದು ಬದಿ ಸ್ವಲ್ಪ ಮೇಲೆದ್ದಿತು. ಹೌದು ಎನ್ನುತ್ತಾರೋ ಇಲ್ಲ ಎನ್ನುತ್ತಾರೋ ಎಂದು ಕಾದೆ. ಅಷ್ಟರಲ್ಲಿ ಹಟ್ಟಿಯಲ್ಲಿ ಎರಡೂ ಕರುಗಳು ಒಟ್ಟಿಗೆ ಕೂಗಿದವು. ಅವನ್ನು ಹಾಲು ಕುಡಿಯಲು ಬಿಡುವ ಹೊತ್ತು ಮೀರಿತ್ತು. ಅತ್ತೆ ಕಣ್ಣಲ್ಲೇ ಬಾಗಿಲು ತೋರಿಸಿ, ಹೋಗು ಎಂದರು.

ಎದ್ದು ಹೋದೆ.