ದೇವರ ಗೂಡಿನಲ್ಲಿಟ್ಟ ಗಾಜಿನ ಬರಣಿ

ದೇವರ ಗೂಡಿನಲ್ಲಿತ್ತು, ಅದಕ್ಕೇ ಆ ಗಿಡ ಬದುಕಿತು ಎಂದು ಬಸವಕಲ್ಯಾಣದ ನಮ್ಮ ಬಂಧುಗಳು ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಲ್ಲಿಯ ಅತ್ತೆಯ ಮನೆಯಲ್ಲಿ ಬೆಳಕಿಂಡಿ ಇದ್ದದ್ದು ದೇವರ ಕೋಣೆಗೆ ಮಾತ್ರ. ಗಿಡಕ್ಕೆ ಬೇಕಾದದ್ದು ಬೆಳಕು, ಅದು ಸಿಕ್ಕಿತು. ದೇವರಿಗೆ ಕೊಡುವ ಶ್ರೇಯವನ್ನು ಮನೆ ಕಟ್ಟಿದ ಗೌಂಡಿಗೂ ಕೊಡಬಹುದಲ್ಲ? ಹೀಗೆ ಕೇಳಿದರೆ, "ಕಾಲೇಜಿನ್ಯಾಗ ಈಕಿಗೆ ಬರೇ ವಾದ ಮಾಡೂದು ಕಲಿಸ್ಯಾರ" ಎಂದು ನಗುತ್ತಾರೆ. ಕಲಿಸಿದ್ದು ನಿಜ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಅತ್ತೆಯ ಕಪಾಟಿನಲ್ಲಿವೆ. ಒಂದರಲ್ಲಿ ಆಕೆ ಲವಂಗ ಇಡುತ್ತಾಳೆ.

ಅತ್ತೆ ಎಂದರೆ ಅಪ್ಪನ ಅಕ್ಕ, ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಹುಮನಾಬಾದಿನ ಶಾಲೆಯೊಂದರಲ್ಲಿ ನನಗೆ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಬಸವಕಲ್ಯಾಣದಿಂದಲೇ ದಿನಾ ಬಸ್ಸಿಗೆ ಹೋಗಿ ಬಾ ಎಂದಳು ಅತ್ತೆ. ನಾನು ಹುಮನಾಬಾದಿನಲ್ಲೇ ಕೋಣೆ ಹಿಡಿದೆ. ನನ್ನ ಕಾಲ ಮೇಲೆ ನಾನು ನಿಲ್ಲಬಲ್ಲೆ ಎಂಬುದು ನನ್ನ ವಾದ. ಆದರೆ ಶಾಲೆ ಬಿಟ್ಟ ಮೇಲೆ ವಾದ ಕೇಳುವವರು ಯಾರೂ ಇರಲಿಲ್ಲ. ಸಂಜೆ ಸ್ಟೋ ಹಚ್ಚಿ, ಅನ್ನಕ್ಕಿಟ್ಟು, ಯಾವುದೋ ವಿಷಯ ತೆಗೆದುಕೊಂಡು ಪರವಾಗಿಯೂ ನಾನೇ, ವಿರೋಧವಾಗಿಯೂ ನಾನೇ ಮಾತಾಡುತ್ತಿದ್ದೆ. ಅನ್ನ ಬೇಯುವಷ್ಟರಲ್ಲಿ ಎರಡೂ ಕಡೆ ಮುಗಿದಿರುತ್ತಿದ್ದವು.

ಮುಚ್ಚಿದ ಗಾಜಿನೊಳಗೆ ತೋಟ ಮಾಡಬಹುದೆಂದು ಓದಿದ್ದೆ. ಕಿರಾಣಿ ಅಂಗಡಿಯಿಂದ ಪೆಪ್ಪರಮಿಂಟಿನ ಖಾಲಿ ಬರಣಿ ತಂದೆ. ಒಂದು ಭಾನುವಾರ ಅತ್ತೆಯ ಹಿತ್ತಲಲ್ಲಿ ಕೂತು ತಳಕ್ಕೆ ಮೊರಂ ಹರಳು ಹಾಸಿದೆ, ಮೇಲೆ ಒಲೆಯ ಇದ್ದಲಿ ಪುಡಿ, ಅದರ ಮೇಲೆ ಜರಡಿ ಹಿಡಿದ ಕೆಂಪು ಮಣ್ಣು. ಬಾವಿಯ ಮೆಟ್ಟಿಲಿನಿಂದ ಪಾಚಿಯನ್ನು ಚಾಕುವಿನಿಂದ ಎಬ್ಬಿಸಿ ತಂದೆ. ಕಲ್ಲಿನ ಸಂದಿಯಲ್ಲಿದ್ದ ಪುಟ್ಟ ಜರಿಗಿಡವನ್ನು ಚಿಮಟಿಗೆಯಲ್ಲಿ ಹಿಡಿದು ನೆಟ್ಟೆ.

"ಏನ್ ಮಾಡಾಕತ್ತಿ ಇದು? ಉಪ್ಪಿನಕಾಯಿ ಹಾಕ್ತಿಯೇನು?" ಅತ್ತೆ ಬಂದು ನಿಂತಳು.

"ತೋಟ ಅತ್ತಿ. ಮುಚ್ಚಳ ಹಾಕಿದ ಮ್ಯಾಲ ನೀರು ಬ್ಯಾಡ. ಒಳಗಿನ ಹಸಿ ಗಾಜಿಗೆ ಹತ್ತಿ ತಿರುಗಿ ಕೆಳಗ ಇಳೀತದ."

"ಯಾರೂ ನೀರು ಹಾಕಲಾರದ ಗಿಡ ಹ್ಯಾಂಗ ಬದುಕ್ತದ?"

"ನಾ ಅಲ್ಲಿ ಒಬ್ಬಾಕಿನ ಬದುಕಿಲ್ಲೇನು?"

"ನೀ ಬದುಕೀದಿ ಅಂತ ಯಾರಂದ್ರು ನಿನಗ?"

ಸ್ಪರ್ಧೆಯಲ್ಲಿ ಯಾರೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ. ಅತ್ತೆಯೇ ಶರತ್ತು ಹಾಕಿದಳು: "ಬ್ಯಾಸಗಿ ದಾಟಲಿ. ಒಣಗಿತಂದ್ರ ನೀ ಮನಿಗೆ ಬರಬೇಕು. ಬದುಕಿತಂದ್ರ, ಬಾ ಅಂತ ನಾ ಮತ್ತ ಅನ್ನಂಗಿಲ್ಲ, ಹೋಗು."

ಆ ಬೇಸಿಗೆ ಪರೀಕ್ಷೆಯ ಪೇಪರ್ ತಿದ್ದಲು ನಾನು ಗುಲ್ಬರ್ಗಾಕ್ಕೆ ಹೋದೆ. ಬರಣಿ ಅತ್ತೆಯ ಬಳಿ ಉಳಿಯಿತು. ತಿರುಗಿ ಬಂದಾಗ ದೇವರ ಗೂಡಿನಲ್ಲಿ ಹಸಿರಾಗಿ ಕೂತಿತ್ತು. ಜರಿಗಿಡದಲ್ಲಿ ಹೊಸ ಎಲೆಯೊಂದು ಸುರುಳಿ ಬಿಚ್ಚುತ್ತಿತ್ತು. ಗಾಜಿನ ಮೇಲೆ ಅತ್ತೆ ವಿಭೂತಿ ಎಳೆದಿದ್ದಳು. ಅದಕ್ಕೇನು, ಆಕೆ ಹೊಲಿಗೆ ಮಷೀನಿಗೂ ಎಳೆಯುತ್ತಾಳೆ.

"ಗೆದ್ದಿ ನೋಡವ್ವ," ಎಂದಳು. ಅಷ್ಟೇ. ಮತ್ತೆಂದೂ ಮನೆಗೆ ಬಾ ಎನ್ನಲಿಲ್ಲ. ರೊಟ್ಟಿ ಕಟ್ಟಿ ಕೊಡುವಳು, ಬಸ್ಸು ಹೊರಟಾಗ "ಹುಷಾರ" ಅನ್ನುವಳು. ಮೊದಲು ಕಿಟಕಿಗೆ ಜೋತುಬಿದ್ದು, "ಇವತ್ತೊಂದಿನ ಇರಬೇ" ಎನ್ನುತ್ತಿದ್ದವಳು. ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿಗೆ ಬಂದೆ. ಗೆದ್ದ ಸುದ್ದಿ ಹೇಳಲು ಅಲ್ಲಿ ಬರಣಿಯೇ ಇತ್ತು.

ಮುಂದಿನ ಬೇಸಿಗೆಯೂ ಗುಲ್ಬರ್ಗಾ. ಬರಣಿಯನ್ನು ಕೋಣೆಯಲ್ಲೇ ಬಿಟ್ಟು ಬೀಗ ಹಾಕಿದೆ. ಬಂದು ನೋಡಿದರೆ ಪಾಚಿ ತೆಂಗಿನ ನಾರಿನಂತಾಗಿತ್ತು. ಗಾಜಿನೊಳಗೆ ಒಂದು ಹನಿಯೂ ಇರಲಿಲ್ಲ. ಮುಚ್ಚಳ ತಿರುಗಿಸಿ ನೋಡಿದೆ: ತಗಡು ಸಡಿಲ, ಹಸಿಯೆಲ್ಲ ಅಲ್ಲಿಂದ ಹೋಗಿದೆ. ಬಿಸಿಲು ಎನ್ನೋಣವೆಂದರೆ ಕಿಟಕಿ ಉತ್ತರಕ್ಕಿತ್ತು. ಬಸವಕಲ್ಯಾಣದಲ್ಲೇನು ಬೇಸಿಗೆ ತಂಪೇ? ಅದೇ ಬರಣಿ, ಅದೇ ಸಡಿಲ ಮುಚ್ಚಳ. ಹಾಗಾದರೆ ಮೊದಲ ಬೇಸಿಗೆ ಅದು ದಾಟಿದ್ದು ಹೇಗೆ?

ಲಿಂಗಪೂಜೆಯ ನೀರನ್ನು ಅತ್ತೆ ತುಳಿಯುವ ನೆಲಕ್ಕೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೇ ಹಾಕುತ್ತಾಳೆ, ಆಮೇಲೆ ಊಟ. ಬಾಯಾರಿದ ಜೀವ ಎದುರಿಗಿದ್ದರೆ ತುತ್ತು ಎತ್ತುವವಳಲ್ಲ. ಆದರೆ ಆ ಬರಣಿಗೆ ನೀರು ಹಾಕುವುದೆಂದರೆ ತನ್ನ ಕೈಯಾರೆ ತಾನೇ ಸೋಲುವುದು. ಬಂಧುಗಳ ಮಾತಿಗೆ ನನ್ನಲ್ಲಿ ಉತ್ತರವಿದೆ, ಇದಕ್ಕಿಲ್ಲ.

ಮರುದಿನ ಮೊದಲ ಬಸ್ಸಿಗೇ ಒಣಗಿದ ಬರಣಿ ಹಿಡಿದು ಕಲ್ಯಾಣಕ್ಕೆ ಹೋದೆ. ಅತ್ತೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಪೂಜೆಯ ನಡುವೆ ಆಕೆ ಯಾರೊಡನೆಯೂ ಮಾತಾಡುವುದಿಲ್ಲ, ಗೊತ್ತು. ಆದರೂ ಕಾಯಲಾಗಲಿಲ್ಲ. ಬರಣಿಯನ್ನು ಆಕೆಯ ಮುಂದಿಟ್ಟೆ. ಒಮ್ಮೆ ನೋಡಿದಳು, ಕಣ್ಣು ಮುಚ್ಚಿದಳು.

"ಅತ್ತಿ, ಹೋದ ಬ್ಯಾಸಗಿ ಇದಕ್ಕ ನೀ ನೀರು ಹಾಕಿದ್ದಿಯೇನು? ಹಾಕಿದ್ರ, ನಾ ಮನಿಗೆ ಬರೂದು ನಿನಗೂ ಬ್ಯಾಡಾಗಿತ್ತೇನು?"