ಕೋಳಿ ಹಿಕ್ಕೆಗೆ ಕಾದು ಕೂತ ಡಾಕ್ಟರು

ಮೊಮ್ಮಗಳು ಹಾಸನದಲ್ಲಿ ಪಶುವೈದ್ಯಕೀಯ ಓದಲು ಸೇರಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ! ಈ ಹಿಗ್ಗಿನಲ್ಲೇ, ಹಿಂದೆ ದಂಡಿಗನಹಳ್ಳಿಯ ನಮ್ಮ ಫಾರಮ್ಮಿಗೆ ಬರುತ್ತಿದ್ದ ಕೋಳಿ ಡಾಕ್ಟರು ನೆನಪಾದರು. ಜೇಬಿನ ತುಂಬ ಹುಳ ಹಾಕಿ ಚೀಟಿ ಅಂಟಿಸಿದ ಸೀಸೆಗಳು. "ಅರಕಲಗೂಡು ಕೋಳಿ ಹುಳ, ಹೊಳೆನರಸೀಪುರದ ಹುಳ ಎರಡೂ ಒಂದೇ ಜಾತಿಯಾ? ನೋಡೇಬಿಡೋಣ" ಎನ್ನುವರು. ಏನು ಕೇಳಿದರೂ ಅದೇ, "ನೋಡೇಬಿಡೋಣ."

ಒಂದು ವರ್ಷ ನಮ್ಮ ಮೊಟ್ಟೆಕೋಳಿಗಳೆಲ್ಲ ಬಡಕಲಾಗಿ ಜೋತುಬಿದ್ದವು. ಮನೆ ನಡೆಯುತ್ತಿದ್ದುದೇ ಅವುಗಳಿಂದ. ದೊಡ್ಡ ರೋಗವೆಂದು ಹೆದರಿ ಅಷ್ಟನ್ನೂ ಕಟುಕರಿಗೆ ಕೊಡಲು ಒಪ್ಪಿದ್ದೆ. ಅವನ್ನು ಒಯ್ಯಲು ವ್ಯಾಪಾರಿಯ ಗಾಡಿಯೂ ಬಂತು, ಅದೇ ಹೊತ್ತಿಗೆ ಡಾಕ್ಟರೂ ಬಂದರು. ಪರೀಕ್ಷೆಗೆ ಹಸಿ ಹಿಕ್ಕೆ ಕೇಳಿದರು. ದೊಡ್ಡವರು ಬರುತ್ತಾರೆಂದು ನಾನು ಗೂಡನ್ನೆಲ್ಲ ತೊಳೆದು, ಬಾಗಿಲಿಗೆ ರಂಗೋಲಿ ಇಟ್ಟು ಕೂತಿದ್ದೆ!

ಅವರು ಬೈಯಲಿಲ್ಲ. ಸೀಸೆ ಹಿಡಿದು ಕುಕ್ಕರಗಾಲಲ್ಲಿ ಕೂತರು.

"ಏನ್ ಸಾ, ಓದ್ಕಂಡೋರು ಕೋಳಿ ಇಕ್ಕೆಗೆ ಕಾಯ್ಕಂಡ್ ಕುಂತಿದ್ದೀರಾ! ಒತ್ತಾಯ್ತದೆ, ಕೋಳಿ ತುಂಬವ್ವ" ಎಂದು ವ್ಯಾಪಾರಿ ಹಾರನ್ ಒತ್ತಿದ.

ಮೊದಲ ಬುಟ್ಟಿ ಗಾಡಿಗೇರಿತು. ಎರಡನೆಯದೂ ಏರಿತು. ಆಗ ಒಂದು ಕೋಳಿ ಬಾಲ ಎತ್ತಿತು. ಹಿಕ್ಕೆಯಲ್ಲಿ ಬಿಳಿ ದಾರದಂಥದ್ದು ಮಿಸುಕಾಡಿತು.

"ದೊಡ್ಡ ರೋಗ ಅಲ್ಲ ಕಣಮ್ಮ, ಹೊಟ್ಟೆಹುಳ. ಔಷಧಿಗೆ ಹೋಗುತ್ತೆ."

ಸೆರಗು ಸಿಕ್ಕಿಸಿ ಗಾಡಿ ಹತ್ತಿಯೇಬಿಟ್ಟೆ. "ಇಳ್ಸಲಾ ಬುಟ್ಟಿಯ!"