ಮೂರು ದಿನ ಮಾತಾಡದ ಕಂಪ್ಯೂಟರ್

ಅದಿರಿನ ಭರಾಟೆಯ ಆ ದಿನಗಳಲ್ಲಿ ಬಳ್ಳಾರಿಯಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ದೊಡ್ಡ ಮನುಷ್ಯ. ನಾನೂ ಹಾಗೇ ಮೆರೆದೆ. ಅದಿರು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ. ಬಳ್ಳಾರಿಯ ಆಫೀಸು, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಲಾರಿ ತೂಗುವ ವೇಬ್ರಿಜ್‌ಗಳು, ಎಲ್ಲ ಕಡೆಯ ಕಂಪ್ಯೂಟರುಗಳೂ ನನ್ನ ಸುಪರ್ದಿಯಲ್ಲಿದ್ದವು. ಯಾವುದರಲ್ಲಿ ಯಾವ ಸಾಫ್ಟ್‌ವೇರ್ ಇದೆ, ಯಾವುದರಲ್ಲಿ ವೈರಸ್ ನುಗ್ಗುವಂಥ ತೂತಿದೆ ಎಂದು ಕೆಂಪು ಧೂಳು ತಿನ್ನುತ್ತ ಊರೂರು ತಿರುಗಿ ನೋಡುವುದು ನನಗೆ ಸಾಕುಸಾಕಾಗಿತ್ತು.

ಅದಕ್ಕೇ ಒಂದು ಪ್ರೋಗ್ರಾಂ ಬರೆದೆ. ಅದು ಫೋನ್ ಲೈನಿನಲ್ಲಿ ಪ್ರತಿ ಕಂಪ್ಯೂಟರನ್ನೂ ಮಾತಾಡಿಸಿ, ಒಳಗಿನ ಸಾಫ್ಟ್‌ವೇರ್ ನೋಡಿ, ತಾನೇ ಗುಂಪು ಮಾಡುತ್ತಿತ್ತು. ತೂಕದವು ಒಂದು ಗುಂಪು, ಆಫೀಸಿನವು ಇನ್ನೊಂದು. ಒಂದರಲ್ಲಿ ತೂತು ಕಂಡರೆ ಆ ಇಡೀ ಗುಂಪಿಗೆ ಅದನ್ನು ಮುಚ್ಚುವ ತೇಪೆ ಹೋಗುತ್ತಿತ್ತು. ಮೂರು ದಿನ ಸದ್ದೇ ಇಲ್ಲದ ಕಂಪ್ಯೂಟರನ್ನು ‘ಗುಜರಿ’ ಗುಂಪಿಗೆ ತಳ್ಳು ಎಂದೂ ಬರೆದಿದ್ದೆ. ಗುಜರಿಗೆ ಬಿದ್ದದ್ದಕ್ಕೆ ತೇಪೆಯೂ ಇಲ್ಲ, ಪಟ್ಟಿಯಲ್ಲಿ ಹೆಸರೂ ಇಲ್ಲ. ಅಲ್ಲಿಂದ ವಾಪಸ್ ಕರೆತರುವ ದಾರಿಯನ್ನು ಮಾತ್ರ ಬರೆಯಲಿಲ್ಲ. ಸತ್ತದ್ದು ಎದ್ದು ಬರುತ್ತದೆಯೇ ಎಂಬ ಧಿಮಾಕು ನನ್ನದು.

ಕುರುಗೋಡಿನಲ್ಲಿ ತೂಕ ನೋಡುತ್ತಿದ್ದವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ವಯಸ್ಸಾದವರು, ಸಾಬರು. ಎಷ್ಟು ಜಗಳಗಂಟ ಡ್ರೈವರಾದರೂ ಚಾಚಾ ತೂಗಿದ್ದಾರೆ ಎಂದರೆ ಬಾಯಿ ಮುಚ್ಚುತ್ತಿದ್ದ. ಅವರಿಗೆ ಕಂಪ್ಯೂಟರ್ ಕಲಿಸಿದ್ದು ನಾನೇ, ಮೌಸ್ ಎಂದರೆ ಇಲಿ ಎಂದದ್ದೂ ನಾನೇ. “ಸರ, ನಿಮ್ಮ ಇಲಿ ಇವತ್ತು ಮುನಿಸ್ಕೊಂಡೈತಿ, ಅಲ್ಲಾಡವಲ್ದು” ಎಂದು ಫೋನಿನಲ್ಲಿ ನಗಿಸುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಅಲ್ಲಿನ ಮ್ಯಾನೇಜರು ಕಂಪ್ಯೂಟರ್ ಆರಿಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಬನ್ನಿ ಹಬ್ಬಕ್ಕೆಂದು ತಮ್ಮೂರು ಬಾದನಹಟ್ಟಿಗೆ ಹೋದರು. ಹೋದವರು ಬಂದದ್ದು ಐದನೆಯ ದಿನ. ಅಷ್ಟೂ ದಿನ ಚಾಚಾ ಕಂಪ್ಯೂಟರ್ ಮುಟ್ಟದೆ, ತೂಕವನ್ನು ಚೀಟಿಯಲ್ಲಿ ಬರೆದರು.

“ಪೂಜಿಗೆ ಕುಂತದ್ದು ಸರ. ಹೂವು ಏರಿಸಿದವ್ರೇ ಇಳಸಲಿ. ನಾನು ಮುಟ್ಟಿ ಯಾರ ಮನಸ್ಸು ಯಾಕ ನೋಯಸ್ಲಿ?” ಎಂದಿದ್ದರು. ಒಳ್ಳೆಯ ಭಕ್ತರು ನೀವು ಎಂದು ನಾನು ಗೇಲಿ ಮಾಡಿದೆ.

ಹೂವು ಇಳಿಯಿತು, ಕಂಪ್ಯೂಟರ್ ಎಂದಿನಂತೆ ನಡೆಯಿತು. ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಅದು ಗುಜರಿಯಲ್ಲೇ ಬಿದ್ದಿತ್ತು. ನಾನು ತಿರುಗಿ ನೋಡಲಿಲ್ಲ.

ಚಳಿಗಾಲದಲ್ಲಿ ವೈರಸ್ ಬಂತು. ತೇಪೆ ಬಿದ್ದಿದ್ದ ಕಂಪ್ಯೂಟರೆಲ್ಲ ಉಳಿದವು. ಕುರುಗೋಡಿನದೊಂದೇ ಸತ್ತಿತು, ಅಷ್ಟೂ ಲಾರಿಗಳ ತೂಕ ಅಳಿಸಿಹೋಯಿತು. ಬೆಳಿಗ್ಗೆ ಪ್ರೋಗ್ರಾಂ ತೆರೆದು ನೋಡಿದೆ, ಅದು ಇನ್ನೂ ಗುಜರಿಯಲ್ಲೇ ಇತ್ತು, ಹಬ್ಬದಿಂದೀಚೆ ಒಂದೂ ತೇಪೆ ಹೋಗಿರಲಿಲ್ಲ. ಮಧ್ಯಾಹ್ನ ಮಾಲೀಕರು ಚಾಚಾರನ್ನು ಬಳ್ಳಾರಿಗೆ ಕರೆಸಿ, ಎಲ್ಲರ ಎದುರು ನಿಲ್ಲಿಸಿದರು.

“ಎಲ್ಲಾ ಕಡಿ ಸರಿ ಐತಿ. ನಿನ್ನ ಹತ್ರ ಅಷ್ಟ ಹೆಂಗಲೇ ಅಳಿಸಿಹೋತು? ಯಾವ ಲಾರಿಯವನ ಜೋಡಿ ಶಾಮೀಲಾಗೀಯಲೇ?”

ಚಾಚಾ ನನ್ನ ಕಡೆ ತಿರುಗಿದರು. “ಸರ, ನೀವಾರ ಹೇಳ್ರಿ. ನಾನು ಅಳಿಸೀನೇನು?”

“ನೋಡಬೇಕು. ಈಗ್ಲೇ ಏನೂ ಹೇಳಾಕಾಗಲ್ಲ” ಎಂದೆ.

ಥೂ ನನ್ನ ಜನ್ಮಕ್ಕೆ! ತಪ್ಪು ನನ್ನದೆಂದು ಗೊತ್ತಿದ್ದೂ ಹಾಗೆಂದೆ. ಕೆಲಸ ಹೋದೀತೆಂಬ ಭಯ, ಅಷ್ಟೇ. ಅವರನ್ನು ಅಲ್ಲೇ ಕೆಲಸದಿಂದ ಬಿಡಿಸಿದರು. ಅದೇ ಸಂಜೆ ನಾನು ಯಾರಿಗೂ ತಿಳಿಯದಂತೆ ಗುಜರಿಯಿಂದ ವಾಪಸ್ ಬರುವ ದಾರಿ ಬರೆದು ಪ್ರೋಗ್ರಾಂ ತಿದ್ದಿದೆ. ಕುರುಗೋಡಿನಿಂದ ಸಿರುಗುಪ್ಪದವರೆಗೆ ಯಾವ ವೇಬ್ರಿಜ್‌ನವರೂ ಚಾಚಾರನ್ನು ಮತ್ತೆ ಹತ್ತಿರ ಸೇರಿಸಲಿಲ್ಲ. ತೂಕದ ಕಳ್ಳ ಎಂಬ ಹೆಸರು ಅವರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಕೆಲವು ವರ್ಷಗಳ ಮೇಲೆ ಗಣಿಗಳು ನಿಂತವು, ಕಂಪನಿ ಬಾಗಿಲು ಹಾಕಿತು. ನನ್ನನ್ನು ಕೆಲಸದಿಂದ ಬಿಡಿಸುವವರೇ ಇಲ್ಲ ಎಂದಾದ ಮೇಲೆ ನನಗೆ ಧೈರ್ಯ ಬಂತು. ಕುರುಗೋಡಿಗೆ ಹೋಗಿ, ಅವರ ಮನೆಯ ಚಾಪೆಯ ಮೇಲೆ ಕೂತು ಎಲ್ಲವನ್ನೂ ಒದರಿದೆ. ಚಾಚಾ ಚಹಾ ಮಾಡಿ ತಂದು ಮುಂದಿಟ್ಟರು.

“ಗೊತ್ತಿತ್ತು ಸರ.”

“ಹೆಂಗ ಚಾಚಾ?”

“ಮಾಲೀಕ್ರು ಬೈಯೋವಾಗ ಎಲ್ಲಾರು ನನ್ನ ಮುಖ ನೋಡಿದ್ರು. ನೀವೊಬ್ರೇ ನೆಲ ನೋಡಿದ್ರಿ. ಸಣ್ಣ ವಯಸ್ಸು, ಅಂಜ್ಯಾರ, ನಾಳಿ ಬಂದು ಹೇಳ್ತಾರ ಅಂತ ಮನ್ಯಾಗ ಹೆಂಡ್ತಿಗೂ ಹೇಳಿದ್ನಿ.”

ಅವರ ಹೆಂಡತಿ ತೀರಿಕೊಂಡದ್ದು ಆಗಲೇ ನನಗೆ ತಿಳಿದದ್ದು.

“ಹ್ವಾದ ವರ್ಷ, ಜೀವ ಹೋಗೋ ಮುಂದ ಕೇಳಿದ್ಲು, ‘ಆ ಹುಡುಗ ಬಂದಿದ್ನೇನ್ರಿ?’ ಅಂತ. ಹುಂ, ಬಂದಿದ್ದ, ಮಾಲೀಕ್ರ ಮುಂದ ಎಲ್ಲಾ ಒಪ್ಪಿಕೊಂಡಾನ ಅಂತ ಸುಳ್ಳು ಹೇಳಿದ್ನಿ ಸರ. ಆಕಿನೂ ನನ್ನ ಕಳ್ಳ ಅನ್ಕೊಂಡ ಹೋಗಬಾರ್ದಿತ್ತು ನೋಡ್ರಿ.”